ಬದನೆ ಸಸಿಗಳಿಗೆ ನೀರು ಕಲಿಸಿದವರು

ನಾವು ಕೊಯಮತ್ತೂರು ಪಕ್ಕದ ಪೋತ್ತನೂರಿನ ಈ ಮನೆಗೆ ಬಾಡಿಗೆಗೆ ಬಂದ ದಿನವೇ ಮಾಲೀಕರು ಒಂದು ಷರತ್ತು ಹಾಕಿದ್ದರು. ತಾರಸಿಯ ಮೇಲೆ ಒಂದು ಹಿಡಿ ಮಣ್ಣೂ ಏರಬಾರದು. ಮೊದಲಿದ್ದವರು ಗೋಣಿಚೀಲಗಳಲ್ಲಿ ಮಣ್ಣು ತುಂಬಿ ಬಾಳೆ, ಪಪ್ಪಾಯಿ ಬೆಳೆಸಿದ್ದರಂತೆ. ಮಳೆಗಾಲದಲ್ಲಿ ನಡುಮನೆಯ ಸೂರು ಸೋರಿದ್ದನ್ನೂ ಅದನ್ನು ಸರಿಪಡಿಸಲು ತಾವು ಪಟ್ಟ ಪಾಡನ್ನೂ ಅವರು ಅರ್ಧ ಗಂಟೆ ವಿವರಿಸಿದರು. ನಾನು ತುಮಕೂರು ಕಡೆಯವಳು. ಗಿಡವಿಲ್ಲದ ಮನೆಯಲ್ಲಿ ಇದ್ದು ಗೊತ್ತಿಲ್ಲ. ಆದರೂ ಆಗಲಿ ಎಂದು ತಲೆಯಾಡಿಸಿದೆ. ನನ್ನ ಗಂಡನಿಗೆ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ, ಜಂಕ್ಷನ್ನಿಗೆ ನಡೆದೇ ಹೋಗಬಹುದು. ನನಗೆ ಕುರಿಚಿಯಲ್ಲಿ, ಪಂಪುಗಳ ಬಿಡಿಭಾಗ ಮಾಡುವ ಒಂದು ಸಣ್ಣ ಘಟಕದಲ್ಲಿ ಅಳತೆ ನೋಡುವ ಕೆಲಸ. ಇಬ್ಬರಿಗೂ ಹತ್ತಿರವಾಗುವ ಇಂಥ ಮನೆ ಬೇರೆ ಸಿಗುವಂತಿರಲಿಲ್ಲ.

ಮಣ್ಣು ಬೇಡವೆಂದರೆ ನೀರಿನಲ್ಲೇ ಬೆಳೆಯುತ್ತೇನೆ ಎಂಬ ಹಟ ನನಗೆ ಬಂದದ್ದು ಎರಡನೆಯ ವರ್ಷ. ದಪ್ಪ ಪಿವಿಸಿ ಪೈಪುಗಳಿಗೆ ಸಾಲಾಗಿ ತೂತು ಕೊರೆಸಿ, ತೂತಿಗೊಂದು ಬಟ್ಟಲಿನಂಥ ಜಾಲರಿಯ ಕಪ್ಪು ಕೂರಿಸಿ, ಕೆಳಗೆ ಒಂದು ಡ್ರಮ್ಮಿನಲ್ಲಿ ಗೊಬ್ಬರದ ದ್ರಾವಣ ಕಲಸಿಟ್ಟು, ಅಂಗೈಯಗಲದ ಪಂಪಿನಿಂದ ಆ ನೀರು ಪೈಪುಗಳಲ್ಲಿ ಸುತ್ತಿ ಬರುವಂತೆ ಮಾಡಿದೆ. ಹೈಡ್ರೋಪೋನಿಕ್ಸ್ ಎಂದು ನಾನು ಹೇಳಿದರೆ ಗಂಡ ಅದನ್ನು 'ನಿನ್ನ ಪೈಪುಲೈನು' ಎನ್ನುತ್ತಿದ್ದರು. ಪಾಲಕ್, ಪುದೀನ, ದಂಟು ಚೆನ್ನಾಗಿಯೇ ಬಂದವು. ಅವೆಲ್ಲ ಸ್ಪಂಜಿನ ತುಂಡಿನಲ್ಲಿ ಬೀಜ ಹಾಕಿ, ಮೊಳಕೆಯಿಂದಲೇ ನೀರಿನಲ್ಲಿ ಬೆಳೆದವು. ಮಣ್ಣು ಎಂದರೇನೆಂದು ಅವಕ್ಕೆ ಗೊತ್ತೇ ಇರಲಿಲ್ಲ.

ಪಕ್ಕದ ಮನೆಯವರೊಂದಿಗೆ ಜಗಳ ಆದದ್ದೂ ಅದೇ ವರ್ಷ. ನಮ್ಮ ತಾರಸಿಗೂ ಅವರ ತಾರಸಿಗೂ ನಡುವೆ ಇರುವುದು ಸೊಂಟದೆತ್ತರದ ಒಂದು ಗೋಡೆ ಮಾತ್ರ. ಆ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಆತ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳಲ್ಲಿ ಜೀವಮಾನವೆಲ್ಲ ದುಡಿದು ಬಂದವರೆಂದು ಬೀದಿಯವರು ಹೇಳಿದ್ದರು. ಒಂದು ಬೆಳಿಗ್ಗೆ ನನ್ನ ಪೈಪಿನ ಮುಚ್ಚಳ ಕಳಚಿಕೊಂಡು, ಗೊಬ್ಬರದ ನೀರು ಗೋಡೆ ದಾಟಿ ಹರಿದು, ಆಕೆ ವಡಗ, ಅಂದರೆ ಸಂಡಿಗೆ, ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ಹರಡಿತು. ಮೂರು ದಿನದ ಕೆಲಸ ಹಾಳಾಯಿತೆಂದು ಆತ ತಮಿಳಿನಲ್ಲಿ ಕೂಗಾಡಿದರು. ತಪ್ಪು ನನ್ನದೇ. ಆದರೆ ಆತ ಕೂಗಿದ ರೀತಿಗೆ ನನಗೂ ಸಿಟ್ಟು ಬಂತು, ನನಗೆ ಬರುವ ಅರೆಬರೆ ತಮಿಳಿನಲ್ಲೇ ಎದುರುತ್ತರ ಕೊಟ್ಟೆ. ಅಲ್ಲಿಂದ ಮುಂದೆ ನಾಲ್ಕು ವರ್ಷ ಅವರ ಮನೆಗೂ ನಮ್ಮ ಮನೆಗೂ ಮಾತಿರಲಿಲ್ಲ. ಆತ ತಾರಸಿಗೆ ಬಂದರೆ ನಾನು ಬೆನ್ನು ತಿರುಗಿಸುತ್ತಿದ್ದೆ. ಸಂಜೆ ತಂಗಿಗೆ ಫೋನು ಮಾಡಿದಾಗ ಅಲ್ಲೇ ನಿಂತು, ಆತನ ಎದುರಿನಲ್ಲೇ, ಕನ್ನಡದಲ್ಲಿ ಆತನ ಬಗ್ಗೆ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ಈ ಊರಿನಲ್ಲಿ ನನ್ನ ಭಾಷೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಕೆಲಸದ ಜಾಗದಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಒಬ್ಬಾಕೆ ಇದ್ದರು. ಮಡತ್ತುಕುಳಂ ಕಡೆಯ ರೈತರ ಮನೆಯ ಹೆಣ್ಣುಮಗಳು. ಅವರ ಊಟದ ಡಬ್ಬಿಯಲ್ಲಿ ವಾರಕ್ಕೆರಡು ಸಲವಾದರೂ ಒಂದು ಬದನೆಕಾಯಿ ಪಲ್ಯ ಇರುತ್ತಿತ್ತು. ಕಾಯಿ ಗುಂಡಗೆ ಪುಟ್ಟದು, ತಿಳಿ ಹಸಿರಿನ ಮೇಲೆ ಬಿಳಿ ಗೀರು. ಅದರಲ್ಲಿ ಅರ್ಧ ನನಗೆ ಎಂದು ನಮ್ಮೊಳಗೆ ಒಪ್ಪಂದವೇ ಆಗಿತ್ತು. ಅಮರಾವತಿ ಹೊಳೆಯ ಹತ್ತಿರ ಅವರ ತಮ್ಮನ ಹೊಲದಲ್ಲಿ, ಬದುವಿನಂಚಿಗೆ ಮನೆಮಟ್ಟಿಗೆಂದು ಮಾತ್ರ ಆ ಗಿಡ ಬೆಳೆಯುತ್ತಾರೆ, ಸಂತೆಗೆ ಬರುವುದಿಲ್ಲ. ಈ ವರ್ಷ ಮಾರ್ಚಿನಲ್ಲಿ ಅವರು ಕೆಲಸದಿಂದ ನಿವೃತ್ತರಾಗಿ ಊರಿಗೆ ಹೊರಟರು. ಕೊನೆಯ ದಿನ ಒಂದು ಬಿದಿರಿನ ಬುಟ್ಟಿ ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿದ ಇಪ್ಪತ್ತನಾಲ್ಕು ಬದನೆ ಸಸಿಗಳು, ಪ್ರತಿಯೊಂದಕ್ಕೂ ನಿಂಬೆಹಣ್ಣಿನಷ್ಟು ಮಣ್ಣಿನ ಹೆಂಟೆ.

"ಇನ್ಮೇಲೆ ಡಬ್ಬಿ ಹಂಚಿಕೊಳ್ಳೋಕೆ ನಾನಿರಲ್ಲ," ಎಂದರು ತಮಿಳಿನಲ್ಲಿ. "ನೀವೇ ಬೆಳೆದು ತಿನ್ನಿ."

ನನ್ನ ಮನೆಯಲ್ಲಿ ಮಣ್ಣಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪೈಪುಗಳ ಬಗ್ಗೆ ಅಷ್ಟು ಕೊಚ್ಚಿಕೊಂಡಿದ್ದವಳು ನಾನೇ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ತಾರಸಿಯ ನಲ್ಲಿ ಜೋರಾಗಿ ತಿರುಗಿಸಿ, ಒಂದೊಂದು ಸಸಿಯನ್ನೂ ಅದರಡಿ ಹಿಡಿದು ಮಣ್ಣು ತೊಳೆದೆ. ಬಿಡದಿದ್ದ ಮಣ್ಣನ್ನು ಬೆರಳಿನಿಂದ ಎಳೆದೆ. ಬೇರಿನ ಸಣ್ಣ ಎಳೆಗಳು ಮಣ್ಣಿನ ಜೊತೆಗೇ ಕಿತ್ತು ಬರುತ್ತಿದ್ದುದು ಕಂಡಿತು, ಪರವಾಗಿಲ್ಲ ಅಂದುಕೊಂಡೆ. ಇಪ್ಪತ್ತನಾಲ್ಕನ್ನೂ ಕಪ್ಪುಗಳಲ್ಲಿಟ್ಟು, ಸುತ್ತ ಸುಟ್ಟ ಜೇಡಿಮಣ್ಣಿನ ಗುಂಡುಗಳನ್ನು ತುಂಬಿ, ಪಾಲಕಿಗೆ ಕಲಸುವಷ್ಟೇ ಗಟ್ಟಿಯಾಗಿ ಗೊಬ್ಬರ ಕಲಸಿ ಪಂಪು ಹಾಕಿದೆ. ಸಿರುವಾಣಿ ಹೊಳೆಯಿಂದ ಸರದಿಯಲ್ಲಿ ಬರುವ ಕುಡಿಯುವ ನೀರು ಆ ವಾರ ಬಂದಿರಲಿಲ್ಲವಾದ್ದರಿಂದ ಡ್ರಮ್ಮಿಗೆ ತುಂಬಿದ್ದು ಬೋರ್‌ವೆಲ್ ನೀರು. ದ್ರಾವಣದ ಗಟ್ಟಿತನ ಅಳೆಯುವ ಮೀಟರು ಅದ್ದಿ ನೋಡಿದೆ, ಅಂಕಿ ಸರಿಯಾಗಿತ್ತು. ಅಳತೆ ಸರಿಯಿದ್ದರೆ ಎಲ್ಲವೂ ಸರಿ ಎಂದು ನಂಬಿ ಬದುಕಿದವಳು ನಾನು.

ಸಂಜೆಯ ಹೊತ್ತಿಗೆ ಎಲ್ಲ ಸಸಿಗಳೂ ತಲೆ ಬಾಗಿಸಿದ್ದವು. ಎರಡು ದಿನದಲ್ಲಿ ಎಲೆಯಂಚು ಸುಟ್ಟಂತಾಯಿತು. ಆಹಾರ ಸಾಲದೇನೋ ಎಂದು ಇನ್ನಷ್ಟು ಗೊಬ್ಬರ ಸುರಿದೆ. ಅದಕ್ಕಿಂತ ದೊಡ್ಡ ತಪ್ಪನ್ನು ಮಾಡಲು ಸಾಧ್ಯವಿರಲಿಲ್ಲವೆಂದು ಈಗ ಗೊತ್ತು. ಬುಧವಾರ ಕಪ್ಪೊಂದನ್ನು ಎತ್ತಿ ನೋಡಿದರೆ ಬೇರು ಕಂದಾಗಿ, ಲೋಳೆಯಾಗಿ, ಕೊಚ್ಚೆಯ ವಾಸನೆ. ಆ ಸಂಜೆ ತಂಗಿಗೆ ಫೋನಿನಲ್ಲಿ ಹೇಳುತ್ತಾ ಹೇಳುತ್ತಾ ನನಗೆ ಅಳುವೇ ಬಂದುಬಿಟ್ಟಿತು. ಹನ್ನೊಂದು ವರ್ಷದ ಸ್ನೇಹಕ್ಕೆ ಕೊಟ್ಟ ಉಡುಗೊರೆಯನ್ನು ನಾಲ್ಕೇ ದಿನದಲ್ಲಿ ಕೊಂದುಹಾಕಿದ್ದೆ. ಗೋಡೆಯಾಚೆ ಆತ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನನ್ನ ಸಂಕಟವನ್ನೆಲ್ಲ ಆತನ ಮೇಲೆ ತಿರುಗಿಸಿದೆ.

"ಇಲ್ಲೇ ನಿಂತಿದಾನೆ ನೋಡು ಆ ಗಂಟುಮೋರೆ," ಎಂದೆ ತಂಗಿಗೆ. "ನನ್ನ ಗಿಡ ಸಾಯೋದು ನೋಡಿ ಹೊಟ್ಟೆ ತಣ್ಣಗಾಗಿರಬೇಕು ಇವನಿಗೆ."

ಗುರುವಾರ ಬೆಳಿಗ್ಗೆ ನಾನು ತಾರಸಿಗೆ ಹೋದಾಗ ಆತ ಗೋಡೆಯ ಹತ್ತಿರ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಮತ್ತೆ ನೀರು ಆಚೆ ಹೋಗಿದೆಯೇನೋ, ಬೈಯಲು ಬಂದಿದ್ದಾರೆ ಎಂದು ನಾನು ಮೊದಲೇ ಮುಖ ಬಿಗಿದೆ.

"ಅಮ್ಮಣಿ," ಎಂದರು ತಮಿಳಿನಲ್ಲಿ. ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತದು. "ನಾ ಕೊಂಜಂ ಪಾಕ್ಕಲಾಮಾ?"

ಸ್ವಲ್ಪ ನೋಡಲೇ ಎಂದು ಕೇಳುತ್ತಿದ್ದರು. ಹೂಂ ಅಂದೆ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ಕಾಲು ಗೋಡೆಯ ಮೇಲಿಟ್ಟು, ನಿಧಾನವಾಗಿ ಈಚೆ ಇಳಿದರು. ಎಪ್ಪತ್ತರ ಹತ್ತಿರದ ವಯಸ್ಸು. ಅಷ್ಟು ಸಮೀಪದಿಂದ ಆತನನ್ನು ನಾನು ನೋಡಿದ್ದು ಅದೇ ಮೊದಲು. ಉಗುರಿನ ಬುಡಗಳಲ್ಲಿ ಇನ್ನೂ ನೀಲಿ ಉಳಿದಿತ್ತು.

ಒಂದು ಕಪ್ಪನ್ನು ಎರಡೂ ಕೈಯಿಂದ ಎತ್ತಿ, ಜೋತುಬಿದ್ದ ಬೇರನ್ನು ಬೆಳಕಿಗೆ ಹಿಡಿದರು. ಮೂಸಿ ನೋಡಿದರು. ಆಮೇಲೆ ತಮ್ಮಷ್ಟಕ್ಕೇ ಗೊಣಗಿಕೊಂಡರು.

"ಅಯ್ಯೋ ಕೂಸೇ, ಉಸುರು ಕಟ್ಟಿ ಸಾಯ್ತಾ ಇದ್ದೀಯಲ್ಲಾ."

ರಾಗ ತಮಿಳಿನದು, ಆದರೆ ಮಾತು ಅನುಮಾನವೇ ಇಲ್ಲದಂತೆ ಕನ್ನಡ.

"ನಿಮಗೆ... ಕನ್ನಡ ಬರುತ್ತಾ?" ಎಂದೆ.

ಆತ ಕಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ಬರಾದು ಏನು ಅಮ್ಮಣಿ, ಮನೇಲಿ ನಾವು ಅದೇ ತಾನೆ ಮಾತಾಡಾದು. ನಮ್ಮ ತಾತನ ತಾತನ ಕಾಲದಿಂದ. ಕನ್ನಡ ಸೀಮೆಯಿಂದ ಬಂದ ನೇಯೋರ ಮನೆ ನಮ್ಮದು."

ನಾಲ್ಕು ವರ್ಷದ ಸಂಜೆಗಳೆಲ್ಲ ಒಮ್ಮೆಗೇ ನನ್ನ ಮುಂದೆ ಬಂದು ನಿಂತವು. ಆಡಿದ ಒಂದೊಂದು ಮಾತೂ ನೆನಪಾಯಿತು. ನಿನ್ನೆಯದಂತೂ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಭೂಮಿ ಬಾಯಿಬಿಟ್ಟಿದ್ದರೆ ಆ ಗಳಿಗೆಯಲ್ಲಿ ಇಳಿದುಬಿಡುತ್ತಿದ್ದೆ. "ಹಾಗಾದರೆ ನಾನು ಫೋನಲ್ಲಿ..." ಎಂದು ಶುರುಮಾಡಿದೆ.

"ಅದು ಅಪ್ಪುರ ನೋಡ್ಕಳಾಣ," ಎಂದರು ಆತ. ಆಮೇಲೆ ಎನ್ನುವುದಕ್ಕೆ ಅವರ ಮನೆಯಲ್ಲಿ 'ಅಪ್ಪುರ' ಎನ್ನುತ್ತಾರೆಂದು ಆ ದಿನ ತಿಳಿಯಿತು. "ಇವು ಮೊದ್ಲು. ಪಂಪು ನಿಲ್ಸಿ. ಈ ನೀರು ಪೂರಾ ಚೆಲ್ಲಿ."

ನಾನು ಘಟಕಕ್ಕೆ ಫೋನು ಮಾಡಿ ಆ ದಿನ ರಜೆ ಹಾಕಿದೆ.

ಆತ ತಂದಿದ್ದ ಡಬ್ಬಿಯಲ್ಲಿ ಹುಳಿ-ಕ್ಷಾರ ನೋಡುವ ಕಾಗದದ ಒಂದು ಸುರುಳಿಯಿತ್ತು. ಬಣ್ಣದ ಕೆಲಸ ಬಿಟ್ಟಮೇಲೂ ಅದನ್ನು ಮನೆಯಲ್ಲಿಟ್ಟುಕೊಂಡಿದ್ದರು. ಒಂದು ತುಂಡು ಹರಿದು ಬೋರ್‌ವೆಲ್ ನೀರಿಗೆ ಅದ್ದಿದರು. ಕಾಗದ ಕಡು ಹಸಿರಾಯಿತು. ಬೆರಳ ತುದಿಗೆ ನೀರು ತೆಗೆದುಕೊಂಡು ಹೆಬ್ಬೆರಳಿನೊಂದಿಗೆ ಉಜ್ಜಿ ನೋಡಿದರು.

"ಗಡಸು ನೀರು. ಇದ್ರಲ್ಲಿ ನಾನು ಬಣ್ಣ ಹಾಕಿದ್ದಿದ್ರೆ ಮೊದಲ ದಿನವೇ ನನ್ನ ಮನೆಗೆ ಕಳಿಸ್ತಿದ್ರು."

"ಮೀಟರ್‌ನಲ್ಲಿ ಅಂಕಿ ಸರಿಯಾಗೇ ಇತ್ತಲ್ಲ," ಎಂದೆ.

"ಮೀಟರು ಉಪ್ಪು ಎಷ್ಟು ಅಂತ ಹೇಳ್ತದೆ ಅಮ್ಮಣಿ. ಯಾವ ಉಪ್ಪು ಅಂತ ಹೇಳಾದಿಲ್ಲ. ಅರ್ಧ ಅಂಕಿ ಸುಣ್ಣದ್ದು, ಅರ್ಧ ನಿಮ್ಮ ಗೊಬ್ಬರದ್ದು. ಗಿಡಕ್ಕೆ ಬ್ಯಾಡದ್ದೇ ಜಾಸ್ತಿ ಇತ್ತು."

ಇಪ್ಪತ್ತು ವರ್ಷ ಅಳತೆ ನೋಡಿದ ನನಗೆ ಇಷ್ಟು ಸರಳವಾಗಿ ಯಾರೂ ಅಳತೆಯ ಮಿತಿಯನ್ನು ಹೇಳಿಕೊಟ್ಟಿರಲಿಲ್ಲ.

ಆತನ ಹೆಂಡತಿಯೂ ಅಷ್ಟು ಹೊತ್ತಿಗೆ ಮೇಲೆ ಬಂದರು. ಗೋಡೆ ಹತ್ತಲಾರದೆ ಆಚೆಯಿಂದಲೇ ಎರಡು ಕೊಡ ಸಿರುವಾಣಿ ನೀರು ದಾಟಿಸಿದರು. ಅವರ ಮನೆಯ ತೊಟ್ಟಿಯಲ್ಲಿ ಹಿಂದಿನ ಸರದಿಯ ನೀರು ಉಳಿದಿತ್ತು. ಕುಡಿಯುವ ನೀರು ಅದು. ಇಟ್ಟುಕೊಳ್ಳಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಕುಡಿಯಾಕೆ ಇನ್ನೊಂದು ಕೊಡ ಇದೆ, ಬುಡು," ಎಂದರು. ನಾಲ್ಕು ವರ್ಷದ ಹಿಂದೆ ನನ್ನ ನೀರು ಹಾಳುಮಾಡಿದ್ದು ಅವರ ವಡಗವನ್ನೇ.

ಗೋಡೆಯ ಆಚೀಚೆ ನಿಂತು ಮೂವರೂ ಸೇರಿ ಮಧ್ಯಾಹ್ನದವರೆಗೆ ಕೆಲಸ ಮಾಡಿದೆವು. ಅಗಲವಾದ ಬೋಗುಣಿಯಲ್ಲಿ ನೀರಿಟ್ಟು, ಸಸಿಯನ್ನು ಅದರಲ್ಲಿ ಮುಳುಗಿಸಿ, ಕೈಯಿಂದ ಎಳೆಯದೆ ಹಿಂದೆ ಮುಂದೆ ಆಡಿಸುತ್ತಾ ಬೇರಿನೊಳಗೆ ಉಳಿದಿದ್ದ ಮಣ್ಣು ತಾನಾಗಿ ಬಿಡುವಂತೆ ಮಾಡಿದರು ಆತ. ನೂಲಿನ ಲಡಿಯನ್ನು ನೀರಲ್ಲಿ ಜಾಲಿಸುವುದೂ ಹೀಗೆಯೇ ಎಂದರು. ಕೊಳೆತ ಭಾಗವನ್ನು ನಾನು ಕಾಸಿದ ಕತ್ತರಿಯಿಂದ ಕತ್ತರಿಸಿದೆ. ಗಟ್ಟಿಯಿದ್ದದ್ದು ಎಷ್ಟು ಕಡಿಮೆಯೆಂದರೆ, ಕೆಲವು ಸಸಿಗಳಲ್ಲಿ ಬೆರಳುದ್ದವೂ ಉಳಿಯಲಿಲ್ಲ. ಇಷ್ಟು ಕಡಿಮೆ ಬೇರು ಅಷ್ಟೊಂದು ಎಲೆಗೆ ನೀರು ಕೊಡಲಾರದೆಂದು ಕೆಳಗಿನ ದೊಡ್ಡ ಎಲೆಗಳನ್ನೂ ತೆಗೆದೆವು. ಸಸಿಗಳು ಬೋಳುಬೋಳಾಗಿ ನಿಂತವು.

ಹೊಸ ನೀರಿಗೆ ಹೊಳೆಯುವ ಹಳದಿ ಬಣ್ಣ ಕಾಗದದ ಮೇಲೆ ಬರುವವರೆಗೆ ಆತ ವಿನಿಗರನ್ನು ಹನಿಹನಿಯಾಗಿ ಬಿಟ್ಟರು. ಕ್ಷಾರ ನಾಳೆ ಮತ್ತೆ ಏರುತ್ತದೆ, ದಿನಾ ನೋಡಬೇಕು ಎಂದರು. ಗೊಬ್ಬರ ಎಷ್ಟು ಹಾಕಲಿ ಎಂದು ಕೇಳಿದೆ.

"ಇವತ್ತು ಇಲ್ಲ. ನಾಳೆಯೂ ಇಲ್ಲ. ಸುಮ್ಮಾ ನೀರು. ಬಣ್ಣಕ್ಕೂ ಉಪ್ಪು ಹಾಕ್ತೀವಿ ಅಮ್ಮಣಿ, ಆದ್ರೆ ಒಂದೇ ಸಲ ಸುರಿದ್ರೆ ಬಟ್ಟೆ ಪಟ್ಟೆಪಟ್ಟೆ ಆಗೋಗ್ತದೆ. ಒಂದು ಪಂಗು ಹಾಕಿ, ಕಾದು, ಇನ್ನೊಂದು ಪಂಗು. ಇವು ಈಗ ತಾನೇ ಮಣ್ಣು ಬುಟ್ಟು ಬಂದಿವೆ. ನೀರು ಕುಡಿಯಾದನ್ನ ಇವಕ್ಕೆ ಹೊಸ್ದಾಗಿ ಕಲಿಸ್ಬೇಕು."

ಪಂಗು ಎಂದರೆ ಪಾಲು ಎಂದು ನನಗೆ ಅರ್ಥವಾಗಿತ್ತು. ಆತನ ಹೆಂಡತಿ ಮನೆಯಿಂದ ಎರಡು ಹಳೆಯ ಬಿಳಿ ಪಂಚೆ ತಂದುಕೊಟ್ಟರು. ಅವನ್ನು ಒಂದರ ಮೇಲೊಂದು ಹಾಸಿ ಪೈಪುಗಳ ಮೇಲೆ ಚಪ್ಪರದಂತೆ ಕಟ್ಟಿದೆವು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿದೆವು, ನೀರು ಬಿಸಿಯೇರಿದರೆ ಬೇರಿಗೆ ಉಸಿರು ಸಾಲದೆಂದು. ನನ್ನ ಗಂಡ ಸಂಜೆ ಬರುವಾಗ ಮೀನು ಸಾಕುವವರ ಅಂಗಡಿಯಿಂದ ಗಾಳಿಗುಳ್ಳೆ ಬಿಡುವ ಪುಟ್ಟ ಯಂತ್ರವೊಂದನ್ನು ತಂದು ಡ್ರಮ್ಮಿಗೆ ಇಳಿಬಿಟ್ಟರು. ಪಕ್ಕದ ಮನೆಯವರೊಂದಿಗೆ ನಾನು ಕೂತು ಕಾಫಿ ಕುಡಿಯುತ್ತಿದ್ದುದನ್ನು ಕಂಡು ಅವರು ಏನೂ ಕೇಳಲಿಲ್ಲ. ಅವರಿಗೆ ಅಷ್ಟು ಜಾಣತನವಿದೆ.

ಆ ಕಾಫಿಯ ಹೊತ್ತಿನಲ್ಲೇ ನಾನು ಕ್ಷಮೆ ಕೇಳಿದೆ. ವಡಗಕ್ಕೂ ಕೇಳಿದೆ, ಫೋನಿಗೂ ಕೇಳಿದೆ. ಇಷ್ಟು ವರ್ಷ ಕನ್ನಡ ಬರುತ್ತದೆಂದು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

ಆತ ಲೋಟ ಕೆಳಗಿಟ್ಟು ಹೇಳಿದರು. ಪ್ರಾಯದಲ್ಲಿ ಒಮ್ಮೆ ನೂಲಿನ ವ್ಯಾಪಾರಕ್ಕೆ ಬೆಂಗಳೂರಿಗೆ ಹೋಗಿದ್ದರಂತೆ. ಊರು ಪೂರ್ತಿ ನಮ್ಮ ಮಾತು ಆಡುತ್ತದೆಂದು ಖುಷಿಯಿಂದ ಒಂದು ಹೋಟೆಲಿನಲ್ಲಿ ಕೂತು ಊಟ ಕೇಳಿದರೆ, ಬಡಿಸುವವನು ಇನ್ನಿಬ್ಬರನ್ನು ಕರೆದು, ಇವರ ಮಾತು ಕೇಳ್ರೋ ಎಂದು ನಕ್ಕಿದ್ದ. "ಅಲ್ಲಿಂದ ಆಚೆ ನಿಮ್ಮ ಊರೋರು ಯಾರು ಸಿಕ್ಕಿದ್ರೂ ನಾನು ತಮಿಳೇ. ನಿಮ್ಮದು ಪುಸ್ತಕದ ಕನ್ನಡ. ನಮ್ಮದು ಮುಕ್ಕಾಲು ತಮಿಳು, ಓದಾಕೂ ಬರಾದಿಲ್ಲ. ನೀವು ನಗಾಡಿಬುಟ್ರೆ ಅಂತ ಒಂದು ಕೂಚ್ಚ."

ಕೂಚ್ಚ ಎಂದರೆ ಸಂಕೋಚ. ಆತ ಅದನ್ನು ಹೇಳಿದ ರೀತಿಯಲ್ಲೇ ಅರ್ಥವಾಯಿತು. ನಾನು ತಲೆ ತಗ್ಗಿಸಿದೆ.

"ಎಲ್ಲಾ ತಿಳೀತಿತ್ತು," ಎಂದು ಮುಂದುವರಿಸಿದರು. "ಒಂದು ಮಾತು ಮಾತ್ರ ತಿಳೀಲಿಲ್ಲ. ಗಂಟುಮೋರೆ ಅಂದ್ರೆ ಏನು ಅಮ್ಮಣಿ? ಗಂಟು ಅಂದ್ರೆ ನೂಲಿನ ಗಂಟು ತಾನೆ? ನೇಯೋರ ಮನೆಯೋರು ಅಂತ ಹೆಂಗೋ ಗೊತ್ತಾಗಿ ಅಂಗೆ ಕರೀತಾರೆ ಅಂದ್ಕಂಡಿದ್ದೆ."

ಸುಳ್ಳು ಹೇಳಬಹುದಿತ್ತು. ಆದರೆ ಅಂಥ ಮನುಷ್ಯನ ಮುಂದೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಅದು ಎಂಥ ಮುಖವೆಂದು ನಾನೇ ಮಾಡಿ ತೋರಿಸಿದೆ. ಆತನ ಹೆಂಡತಿ ಗೋಡೆ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಲವತ್ತೈದು ವರ್ಷ ಆಯ್ತು ಇವರ ಕೂಡ ಸಂಸಾರ," ಎಂದರು ಉಸಿರು ತೆಗೆದುಕೊಂಡು. "ಈ ಮೂತಿಗೆ ಒಂದು ಪೇರು ಇದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಾ!"

ಆತನೂ ನಕ್ಕರು. ನಕ್ಕಾಗ ಆ ಮುಖದಲ್ಲಿ ಗಂಟಿನ ಗುರುತೂ ಇರಲಿಲ್ಲ.

ಸಸಿಗಳು ಮಾತ್ರ ಅಷ್ಟು ಬೇಗ ಒಲಿಯಲಿಲ್ಲ. ಮೊದಲ ನಾಲ್ಕು ದಿನದಲ್ಲಿ ಏಳು ಸತ್ತವು. ಐದನೆಯ ದಿನ ಇನ್ನೆರಡು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸಿಂಪಡಿಸುವ ಬಾಟಲಿಯಿಂದ ಎಲೆಗಳಿಗೆ ನೀರಿನ ಮಂಜು ಹಿಡಿಯುತ್ತಿದ್ದೆ, ಬೇರು ಕುಡಿಯದಿದ್ದರೂ ಎಲೆ ಬಾಡದಿರಲೆಂದು. ಹಗಲು ಹೊತ್ತಿನಲ್ಲಿ ಅವರಿಬ್ಬರೂ ನೋಡಿಕೊಳ್ಳುತ್ತಿದ್ದರು. ಸತ್ತವನ್ನು ತೆಗೆಯುವಾಗಲೆಲ್ಲ ಇನ್ನು ಇದರ ಕತೆ ಇಷ್ಟೇ ಎನಿಸುತ್ತಿತ್ತು. ಆತ ಮಾತ್ರ ದಿನವೂ ಅದೇ ತಾಳ್ಮೆಯಿಂದ ಕಾಗದ ಅದ್ದಿ, ಬಣ್ಣ ನೋಡಿ, ಎರಡು ಹನಿ ವಿನಿಗರು ಬಿಟ್ಟು ಕೆಳಗಿಳಿಯುತ್ತಿದ್ದರು. ಮೂರನೆಯ ದಿನ, ಎಂದಿನ ಗೊಬ್ಬರದ ಕಾಲು ಪಾಲಿಗಿಂತಲೂ ಕಡಿಮೆ ಹಾಕಿಸಿದ್ದರು. ನನಗೆ ಇನ್ನಷ್ಟು ಹಾಕಿಬಿಡುವ ತವಕ. "ಬ್ಯಾಡ" ಎಂದು ಒಂದೇ ಮಾತು ಅವರದು.

ಎಂಟನೆಯ ದಿನ ನಾನು ಕೆಲಸದ ಮೇಜಿನಲ್ಲಿದ್ದಾಗ ಫೋನು ಬಂತು. ಆತನ ಹೆಂಡತಿ.

"ಬಂದದೆ," ಎಂದರು.

"ಏನು ಬಂತು?"

"ಬೇರು! ಬೆಳ್ಳಗೆ, ಒಂದು ನೂಲು ಉದ್ದ. ಇವರು ನನ್ನ ಕೈಲಿ ಮುಟ್ಟಾಕೂ ಬುಡ್ತಿಲ್ಲ."

ಸಂಜೆ ಬಸ್ಸಿನಿಂದಿಳಿದವಳು ಚೀಲವನ್ನೂ ಇಡದೆ ನೇರ ತಾರಸಿಗೆ ಓಡಿದೆ. ಕತ್ತರಿಸಿದ ಕಂದು ಬೇರಿನ ಪಕ್ಕದಿಂದ, ಹಾಲಿನ ಬಣ್ಣದ ಒಂದು ಎಳೆ ಹೊರಟು ಕಪ್ಪಿನ ಜಾಲರಿಯ ಆಚೆ ಇಣುಕುತ್ತಿತ್ತು. ಮಣ್ಣಿನ ಬೇರಿನ ಹಾಗೆ ಒರಟಲ್ಲ. ನುಣ್ಣಗೆ, ಎಳಸಾಗಿ, ನೀರಿಗೆಂದೇ ಹುಟ್ಟಿದಂತಿತ್ತು. ಎರಡು ದಿನ ಬಿಟ್ಟು ನೋಡಿದರೆ ಉಳಿದವುಗಳಲ್ಲೂ ಅಲ್ಲಲ್ಲಿ ಬಿಳಿ ತುದಿ. ಆ ವಾರದ ಕೊನೆಗೆ ಒಂದು ಸಸಿಯ ನೆತ್ತಿಯಲ್ಲಿ ಇಲಿಕಿವಿಯಷ್ಟು ಹೊಸ ಎಲೆ.

ಅಷ್ಟರಲ್ಲಿ ಇನ್ನೊಂದು ಗಂಡಾಂತರ ಬಂತು. ಒಂದು ಶನಿವಾರ ಹನ್ನೊಂದು ಗಂಟೆಗೆ ಕರೆಂಟು ಹೋಯಿತು, ಮಧ್ಯಾಹ್ನವಾದರೂ ಬರಲಿಲ್ಲ. ನಾನೂ ಗಂಡನೂ ಕೆಲಸದಲ್ಲಿದ್ದೆವು. ಆತ ಯಾವುದೋ ಮದುವೆಗೆ ತಿರುಪ್ಪೂರಿಗೆ ಹೋಗಿದ್ದರು. ಪಂಪು ನಿಂತರೆ ಪೈಪಿನಲ್ಲಿ ನೀರಿಲ್ಲ. ಆ ಬಿಸಿಲಿನಲ್ಲಿ ಎಳೆಯ ಬೇರು ಅರ್ಧ ಗಂಟೆಯೂ ತಡೆಯದು. ನಾನು ಅರ್ಧ ದಿನದ ಕೆಲಸ ಮುಗಿಸಿ ಎರಡೂವರೆಗೆ ಬಂದು ನೋಡಿದರೆ, ಮಂಡಿನೋವಿನಿಂದ ಗೋಡೆ ಹತ್ತಲಾರೆ ಎಂದಿದ್ದ ಆಕೆ ನಮ್ಮ ತಾರಸಿಯಲ್ಲಿ ಇದ್ದರು! ಗೋಡೆಯ ಎರಡೂ ಬದಿಗೆ ಸ್ಟೂಲು ಇಟ್ಟುಕೊಂಡು ಹೇಗೋ ಇಳಿದಿದ್ದಾರೆ. ತಲೆಗೆ ಸೆರಗು ಹೊದ್ದು, ಡ್ರಮ್ಮಿನಿಂದ ಚೊಂಬಿನಲ್ಲಿ ನೀರು ತೋಡಿ, ಕಪ್ಪಿನಿಂದ ಕಪ್ಪಿಗೆ ಸರಿಯುತ್ತಾ ಒಂದೊಂದಕ್ಕೂ ಗುಟುಕು ಹಾಕುತ್ತಿದ್ದರು. ಕೊನೆಯ ಕಪ್ಪು ಮುಟ್ಟುವಷ್ಟರಲ್ಲಿ ಮೊದಲನೆಯದು ಒಣಗುತ್ತಿತ್ತು, ಮತ್ತೆ ಅಲ್ಲಿಂದ. ಮೂರು ಗಂಟೆಗೂ ಮಿಕ್ಕಿ ಹಾಗೆ ಮಾಡಿದ್ದರು.

"ಊಟ?" ಎಂದೆ.

"ಇವು ಉಂಡ ಮ್ಯಾಲೆ," ಎಂದರು.

ನಾನು ಆಕೆಯ ಕೈಯಿಂದ ಚೊಂಬು ಇಸಿದುಕೊಂಡೆ. ಅವರನ್ನು ನೆರಳಿಗೆ ಕೂರಿಸಿ, ಕೆಳಗಿನಿಂದ ಮಜ್ಜಿಗೆ ತಂದುಕೊಟ್ಟು, ಕರೆಂಟು ಬರುವವರೆಗೆ ನಾನು ನೀರು ಹಾಕಿದೆ. ಆಕೆ ಕೂತಲ್ಲಿಂದಲೇ ಯಾವ ಕಪ್ಪು ಬಿಟ್ಟೆನೆಂದು ಹೇಳುತ್ತಿದ್ದರು. ನನ್ನ ತಾಯಿ ತೀರಿಕೊಂಡಮೇಲೆ ನನ್ನ ಯಾವುದೋ ಒಂದು ವಸ್ತುವಿಗಾಗಿ ಇನ್ನೊಬ್ಬರು ಹಸಿದು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ಅವರಿಗೆ ಹೇಳಬೇಕೆಂದುಕೊಂಡು ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿಕೊಟ್ಟೆ.

ಆಮೇಲೆ ಇನ್ನೆರಡು ಹೋಗಿ, ಒಟ್ಟು ಹದಿಮೂರು ಸಸಿ ಬದುಕಿದವು. ಹದಿನೈದು ದಿನಕ್ಕೆ ಪಂಚೆಯ ಚಪ್ಪರದಲ್ಲಿ ಒಂದನ್ನು ತೆಗೆದೆವು, ಇಪ್ಪತ್ತು ದಿನಕ್ಕೆ ಇನ್ನೊಂದನ್ನೂ. ಗೊಬ್ಬರವನ್ನು ಪಂಗು ಪಂಗಾಗಿ ಏರಿಸಿದೆವು. ವಿನಿಗರಿನ ಬದಲು ಇದಕ್ಕೆಂದೇ ಸಿಗುವ ಆಮ್ಲ ತರಿಸಿದೆ. ನೀರು ನೋಡುವುದು ಆತನ ಕೆಲಸ, ಬರೆದಿಡುವುದು ನನ್ನದು. ಜೂನಿನ ಗಾಳಿ ಪಾಲಕ್ಕಾಡಿನ ಕಡೆಯಿಂದ ಬೀಸತೊಡಗಿದಾಗ ಗಿಡಗಳು ಮೊಳಕೈ ಎತ್ತರವಾಗಿ, ಆಸರೆಗೆ ಹಗ್ಗ ಕಟ್ಟಬೇಕಾಯಿತು. ನೇರಳೆ ಹೂವು ಬಿಟ್ಟವು. ಹೂವಿಗೆ ಜೇನು ಬಾರದಿದ್ದಾಗ ಆಕೆ ದಿನಾ ಬೆಳಿಗ್ಗೆ ಕೊಂಬೆಗಳನ್ನು ಮೆಲ್ಲಗೆ ತಟ್ಟಿ ಕಾಯಿ ಕಟ್ಟಿಸಿದರು.

ಮೊದಲ ಕಾಯಿ ಕಿತ್ತದ್ದು ಜುಲೈಯಲ್ಲಿ. ತಿಳಿ ಹಸಿರಿನ ಮೇಲೆ ಬಿಳಿ ಗೀರು, ಅದೇ ಕಾಯಿ. ಮಡತ್ತುಕುಳಂನ ಗೆಳತಿಗೆ ಫೋಟೋ ಕಳಿಸಿದೆ. ಅವರು ಫೋನು ಮಾಡಿ, ಮಣ್ಣಿಲ್ಲದೆ ಹೇಗೆ ಬಂತು ಎಂದು ಕೇಳಿದರು. ಸಸಿಗಳಲ್ಲಿ ಅರ್ಧದಷ್ಟು ಸಾಯಿಸಿದೆ, ಉಳಿದದ್ದನ್ನು ಪಕ್ಕದ ಮನೆಯವರು ಉಳಿಸಿದರು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. "ಅರ್ಧ ಉಳಿಸಿದ್ದೇ ದೊಡ್ಡದು," ಎಂದರು ಅವರು.

ಆ ಬೇಸಿಗೆಯ ನಂತರ ನನಗೆ ಈ ಊರು ಬೇರೆಯಾಗಿ ಕಾಣುತ್ತದೆ. ಸಂಜೆ ಅವರ ಮನೆಯಲ್ಲಿ ಕೂತರೆ ಒಂದೇ ವಾಕ್ಯದಲ್ಲಿ ಎರಡು ಭಾಷೆ ಓಡಾಡುತ್ತವೆ. ಅವರು ಆಡುವ ಕೆಲವು ಮಾತುಗಳನ್ನು ನನ್ನ ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ್ದೆ. ನಗುವುದಿರಲಿ, ಅವನ್ನು ನಾನು ಮರೆತದ್ದಕ್ಕೆ ನಾಚಿಕೆಯಾಗುತ್ತದೆ. ನನ್ನ ಗಂಡ ಈಗ ಡ್ಯೂಟಿ ಮುಗಿಸಿ ಬಂದವರು ಮೊದಲು ಆ ಮನೆಗೆ ಹೋಗಿ, ಆಮೇಲೆ ನಮ್ಮ ಮನೆಗೆ ಬರುತ್ತಾರೆ.

ಗಿಡಗಳ ಆಯಸ್ಸು ಅಕ್ಟೋಬರಿಗೆ ಮುಗಿಯಿತು. ಎಲೆ ಹಳದಿಯಾಗಿ, ಕಾಯಿ ಸಣ್ಣದಾಗುತ್ತಾ ಬಂತು. ಒಂದು ಭಾನುವಾರ ಬೀಜಕ್ಕೆಂದು ನಾಲ್ಕು ಹಣ್ಣು ತೆಗೆದಿಟ್ಟು, ಹದಿಮೂರನ್ನೂ ಕಿತ್ತೆವು. ಆತ ಪೈಪಿನ ಒಂದು ತುದಿ ಹಿಡಿದರು, ನಾನು ಗಿಡವನ್ನು ಎಳೆದೆ. ಬೇರು ತೋಳುದ್ದ ಬಂತು. ಆತ ಅದನ್ನು ಕೈಮೇಲೆ ಹಾಕಿಕೊಂಡು ಒಂದು ಗಳಿಗೆ ನೋಡಿದರು.

ನಾನು ಬಹಳ ದಿನದಿಂದ ಹೇಳಬೇಕೆಂದುಕೊಂಡದ್ದನ್ನು ಆಗ ಹೇಳಿದೆ. ನೀವು ಮಾಡಿದ್ದನ್ನು ನಾನು ಮರೆಯುವುದಿಲ್ಲ, ನಿಮ್ಮಿಂದ ತುಂಬಾ ಉಪಕಾರವಾಯಿತು ಎಂದೆ. ಬಾಯಿಂದ ಬಂದದ್ದು ಪುಸ್ತಕದ ಮಾತೇ ಆಯಿತು.

ಆತನಿಗೆ ಮುಜುಗರವಾಯಿತು. ಬೇರನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡರು.

"ಅದಕ್ಕೆಲ್ಲಾ ಏನಕ್ಕೆ ಅಮ್ಮಣಿ ಇಷ್ಟು ದೊಡ್ಡ ಮಾತು," ಎಂದರು. "ಪೈಪು ತೊಳ್ಕಬೇಕು. ನೀರು ಬುಡಿ."

ನಾನು ನಲ್ಲಿ ತಿರುಗಿಸಿದೆ.